ನಾನು ಕರೆಯದೆ ಬಿಟ್ಟ ಮನೆಗಳು

ಅಂದು ನಿನ್ನ ಸಭೆಗೆ ಹೆಂಗಸರು ಬಾರದೆ ಹೋದದ್ದು ನನ್ನಿಂದ, ಕಮಲಾ. ನಾನು ಅವರನ್ನು ಕರೆಯಲೇ ಇಲ್ಲ.

ಬರೆದೇಬಿಟ್ಟೆ. ಇಷ್ಟಕ್ಕೆ ಹದಿಮೂರು ವರ್ಷ ಬೇಕಾಯಿತು. ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವಳು ನಾನು—ಇದನ್ನು ಮಾತ್ರ ನೋಡದೆ ಬದುಕಿದೆ.

ಶಿವಮೊಗ್ಗೆಯ ಶಾಲೆಯಲ್ಲಿ ನನ್ನ ಸ್ಲೇಟು ನೋಡಿ ಲೆಕ್ಕ ಮಾಡುತ್ತಿದ್ದವಳು ನೀನು. ಮದುವೆಯಾಗಿ ಇಬ್ಬರೂ ಭದ್ರಾವತಿಗೇ ಬಂದೆವು. ನಾನು ಗುಮಾಸ್ತರ ಹೆಂಡತಿ, ನೀನು ವಕೀಲರ ಹೆಂಡತಿ—ಅಲ್ಲಿಯವರೆಗೆ ಹೇಗೋ ತಡೆದುಕೊಂಡೆ. ನಿನ್ನವರು ಮುನಿಸಿಪಾಲಿಟಿ ಪ್ರೆಸಿಡೆಂಟರಾದ ಮೇಲೆ ಓಲ್ಡ್ ಟೌನಿನ ತರಕಾರಿಯವಳೂ ‘ಪ್ರೆಸಿಡೆಂಟಮ್ಮನಿಗೆ’ ಎಂದು ಎಳೇ ಬೆಂಡೆಕಾಯಿ ತೆಗೆದಿಡತೊಡಗಿದಳು. ನನ್ನ ಪಾಲಿಗೆ ಬಲಿತದ್ದು. ನಗಬೇಡ, ಹೊಟ್ಟೆಕಿಚ್ಚಿಗೆ ಬೆಂಡೆಕಾಯಿಯೂ ಸಾಕು.

ಹೆರಿಗೆಗೆಂದು ಊರಿಗೊಬ್ಬ ನರ್ಸಮ್ಮ ಬೇಕೆಂದು ನೀನು ಹಟ ಹಿಡಿದೆ. ‘ಹೆಂಗಸರೇ ಬಂದು ಕೇಳಲಿ, ಆಮೇಲೆ ನೋಡೋಣ’ ಎಂದರಂತೆ ನಿನ್ನವರು. ನಿನ್ನ ಮನೆಯಲ್ಲೇ ಸಭೆ ಸೇರಿಸಲು ನೀನು ಹೊರಟೆ. ಕುಂಕುಮ ಕೊಟ್ಟು ಕರೆಯದೆ ನಮ್ಮೂರ ಹೆಂಗಸರು ಯಾರ ಹೊಸಿಲನ್ನೂ ತುಳಿಯುವುದಿಲ್ಲ. ನಿನಗೋ ಜ್ವರ. ಕುಂಕುಮದ ಬಟ್ಟಲು ನನ್ನ ಕೈಗಿಟ್ಟೆ.

“ನೀ ಕರೆದ್ರೆ ನಾ ಕರೆದ ಹಾಗೇ ಕಣೇ ಮಾರಾಯ್ತಿ. ಒಂದು ಮನೇನೂ ಬಿಡಬೇಡ.”

ಮೊದಲ ಮನೆಯ ಶಾಂತಮ್ಮ ಹಣೆ ಒಡ್ಡಿಕೊಂಡೇ ನಕ್ಕರು. “ಏನ್ರೀ, ಪ್ರೆಸಿಡೆಂಟಮ್ಮನ ಹತ್ರ ಜವಾನರ ಕೆಲಸ ಸಿಕ್ತಾ?”

ಎರಡನೆಯ ಮನೆಗೆ ಹೋಗಲಿಲ್ಲ. ಕುಂಕುಮವನ್ನು ಹೊಳೆಗೆ ಸುರಿಯೋಣವೆಂದರೆ ಗಂಡನ ಆಯುಸ್ಸಿನ ಭಯ. ನನ್ನ ಭರಣಿಗೇ ತುಂಬಿಕೊಂಡೆ. ಖಾಲಿ ಬಟ್ಟಲು ಹಿಂದಿರುಗಿಸಿ, “ಎಲ್ಲರೂ ಬರ್ತಾರೆ” ಎಂದೆ.

ಸಭೆಯ ದಿನ ಅಷ್ಟುದ್ದದ ಜಮಖಾನೆಯ ಮೇಲೆ ನೀನು, ನಾನು, ಶಾಂತಮ್ಮ. ನಿನ್ನವರು ಬಾಗಿಲಲ್ಲಿ ನಿಂತು ನೋಡಿ ಹೊರಟುಹೋದರು. ನೀನು ಜಮಖಾನೆ ಸುತ್ತುತ್ತ ಹೇಳಿದೆ: “ಹೆಂಗಸರಿಗೇ ಬೇಡವಾಗಿತ್ತೇನೋ. ನಾನೇ ಮೆರೆಯೋಕೆ ಹೋದೆ.” ಆಗಲಾದರೂ ಬಾಯಿ ಬಿಡಬಹುದಿತ್ತು—

ಬಿಟ್ಟೆ, ಬೇರೆ ಕಡೆ. ಮರುದಿನ ಎದುರುಮನೆಯವರು, “ಶಾಂತಮ್ಮನ್ನ ಕರೆದು ನಮ್ಮನ್ನ ಯಾಕ್ರೀ ಬಿಟ್ರಿ?” ಎಂದು ಕೇಳಿದಾಗ, “ಕಮಲಾ ಹೇಳಿದ್ದೇ ಅಷ್ಟು ಮನೆ” ಎಂದೆ. ಊರು ನಿನ್ನನ್ನು ಜಂಬದವಳೆಂದಿತು. ನೀನು ಊರಿನ ಮುಂದೆ ಮತ್ತೆಂದೂ ಮಾತಾಡಲಿಲ್ಲ. ನನಗೆ—ಹೇಳಿಬಿಡುತ್ತೇನೆ—ಕೆಲವು ದಿನ ಹಾಯೆನಿಸಿತ್ತು.

ನರ್ಸಮ್ಮ ಬಂದದ್ದು ಆರು ವರ್ಷದ ಮೇಲೆ. ಅಷ್ಟರೊಳಗೆ ಹೆರಿಗೆಯಲ್ಲಿ ಹೋದವರ ಹೆಸರುಗಳು ನನಗೆ ಗೊತ್ತು.

ಈ ಕಾಗದ ನಿನಗೆ ತಲುಪುವ ಹೊತ್ತಿಗೆ ಎದುರುಮನೆಯಲ್ಲಿ ನಿಜ ಹೇಳಿರುತ್ತೇನೆ. ನಂತರ ಅದರ ಪಕ್ಕದ ಮನೆ, ಅದರಾಚೆಯದು. ನನ್ನನ್ನು ಒಳಗೆ ಕರೆಯದಿದ್ದರೆ ಜಗಲಿಯ ಮೇಲೇ ನಿಂತು ಹೇಳುತ್ತೇನೆ.