ಅಮ್ಮಣ್ಣಿ ಆಂಟಿಯ ಊಟದ ಮಾತು

ಬಿಟಿಎಂ ಲೇಔಟಿನಲ್ಲಿ ಹುಡುಗಿಯರ ಪೀಜಿ ನಡೆಸುವ ಅಮ್ಮಣ್ಣಿ ಆಂಟಿಗೆ ತಟ್ಟೆಗೆ ಸಾರು ಬಿಟ್ಟ ಮಾತ್ರಕ್ಕೆ ಬಡಿಸಿದಂತಾಗುವುದಿಲ್ಲ. ಅವರವರ ಭಾಷೆಯಲ್ಲಿ ಹೊಟ್ಟೆ ತುಂಬ ತಿನ್ನು ಎನ್ನಲೇಬೇಕು. ತಮಿಳಿನವಳಿಗೆ ‘ನಲ್ಲಾ ಸಾಪ್ಪಿಡು ಕಣ್ಣು’, ತೆಲುಗಿನವಳಿಗೆ ‘ಕಡುಪು ನಿಂಡಾ ತಿನಮ್ಮಾ’, ಬಿಹಾರದವಳಿಗೆ ‘ಪೇಟ್ ಭರ್ ಖಾನಾ ಬೇಟಿ’. ಉಚ್ಚಾರಣೆ ಕೇಳಿ ನಕ್ಕರೆ, ‘ನಗ್ರಮ್ಮ, ನಕ್ಕೊಂಡೇ ಇನ್ನೊಂದು ಮುದ್ದೆ ಹಾಕಿಸ್ಕೊಳಿ’ ಎನ್ನುತ್ತಾರೆ. ಕುಮಟೆಯಿಂದ ಹೊಸದಾಗಿ ಬಂದ ಅಕ್ಷತಾ ಮಾತ್ರ ದಿನವೂ ಅರ್ಧಕ್ಕೇ ಏಳುತ್ತಿದ್ದಳು. ಆಂಟಿಗೆ ಅದೇ ಚಿಂತೆಯಾಯಿತು. ‘ನಿಮ್ಮ ಕೊಂಕಣೀಲಿ ಚೆನ್ನಾಗಿ ಉಣ್ಣು ಅನ್ನೋಕೆ ಏನಂತಾರಮ್ಮ? ಹೇಳ್ಕೊಡು.’ ‘ನಮ್ಮನೇಲಿ ಏನೂ ಹೇಳೂದಿಲ್ಲ ಆಂಟಿ. ಅಮ್ಮ ಪಕ್ಕ ಕೂತು ಊಟ ಮಾಡ್ತಾಳೆ, ಅಷ್ಟೇ.’ ಕೊನೆಯವಳು ಕೈ ತೊಳೆಯುವವರೆಗೆ ಎಂದೂ ತುತ್ತು ಮುಟ್ಟದ ಆಂಟಿ, ಸೌಟನ್ನು ಅಡುಗೆಯವಳ ಕೈಗೆ ಕೊಟ್ಟು, ತಟ್ಟೆ ತಂದು ಅಕ್ಷತಾಳ ಪಕ್ಕ ಕೂತರು. ಮಾತಿಲ್ಲದೆ ಮುದ್ದೆ ಮುರಿದರು. ಪಕ್ಕದ ತಟ್ಟೆಯತ್ತ ತಿರುಗಿಯೂ ನೋಡಲಿಲ್ಲ.