ಮೂಗಿಗೆ ಬಿಟ್ಟ ಮದ್ದು

ನನ್ನ ಗಂಡ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಮನೆ ಚಾಮರಾಜನಗರದಲ್ಲಿ, ಕೆಲಸ ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ. ಯಾರ ಕೊಟ್ಟಿಗೆಯಲ್ಲಿ ಯಾವ ಹಸು ಎಷ್ಟನೇ ಕರು ಹಾಕಿದೆ, ಯಾವುದು ಒದೆಯುತ್ತದೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅಂಥವರು ಒಂದು ದಿನ ಒಂದೇ ಹಸುವಿಗೆ ಅರ್ಧ ಗಂಟೆಯೊಳಗೆ ಎರಡು ಸಲ ಲಸಿಕೆ ಚುಚ್ಚಿಬಿಟ್ಟರು. ಹಸುವಿಗೇನೂ ಆಗಲಿಲ್ಲ. ಆದರೆ ಆ ಮನೆಯ ಹೆಂಗಸು, "ಈಗ್ತಾನೆ ಚುಚ್ಚುದ್ರಲ್ಲ ಸಾ, ಮರ್ತೋಯ್ತಾ?" ಎಂದು ಕೇಳಿದಳಂತೆ. ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಳಿತುಬಿಟ್ಟರು.

"ಆ ಹಸೂನ ನಾನು ಕಂಡೇ ಇಲ್ಲ ಅನ್ನುಸ್ತು ಕಣೇ" ಎಂದರು. ಆಗ ಅವರಿಗೆ ಐವತ್ತಾರು.

ಕೆಲಸ ಬಿಟ್ಟ ಮೇಲೆ ಮರೆವಿನ ಜೊತೆಗೆ ಮಂಕೂ ಕವಿಯಿತು. ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ತಟ್ಟೆ ಮುಂದಿಟ್ಟರೆ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು. ನುಂಗಿಸಿದ ಮಾತ್ರೆಗಳಿಂದ ನಿದ್ದೆ ಬಂತು, ಅಷ್ಟೆ.

ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಒಂದು ಹೊಸ ಮದ್ದಿನ ಪ್ರಯೋಗದ ವಿಷಯ ಹೇಳಿದರು. ನುಂಗಿದ ಔಷಧಿ ಮೆದುಳಿಗೆ ಸರಿಯಾಗಿ ತಲುಪುವುದಿಲ್ಲ, ಮೂಗಿನ ಮೇಲ್ತುದಿಯಿಂದ ಮೆದುಳು ಹತ್ತಿರ, ಅಲ್ಲಿಗೆ ಸ್ಪ್ರೇ ಮಾಡಿದರೆ ನೆನಪು, ಮನಸ್ಸು ಎರಡೂ ಸುಧಾರಿಸುತ್ತವೆಯೇ ಎಂದು ನೋಡುತ್ತಿದ್ದಾರಂತೆ. "ಗ್ಯಾರಂಟಿ ಇಲ್ಲಮ್ಮ. ಹೋಲಿಸಿ ನೋಡೋಕೆ ಕೆಲವರ ಬಾಟಲಿಯಲ್ಲಿ ಬರೀ ಉಪ್ಪುನೀರಿರುತ್ತೆ. ಯಾರದ್ದರಲ್ಲಿ ಏನಿದೆ ಅಂತ ನನಗೂ ಗೊತ್ತಿರಲ್ಲ" ಎಂದರು. ಇವರ ಊಟ, ನಿದ್ದೆ, ನೆನಪು, ನಗು, ಅಳು ಎಲ್ಲವನ್ನೂ ವಾರಕ್ಕೊಮ್ಮೆ ಬರೆಯಲು ನನಗೊಂದು ಪುಸ್ತಕ ಕೊಟ್ಟರು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವರ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಮೂಗಿಗೆ ಒತ್ತುತ್ತಿದ್ದೆ. ಎರಡನೇ ವಾರ ಒಂದು ಬೆಳಿಗ್ಗೆ ಅವರು ನಕ್ಕರು. "ನಾನು ಬಿದಿರು ಗೊಟ್ಟದಲ್ಲಿ ದನಗಳ ಬಾಯ್ಗೆ ಮದ್ದುಯ್ತಿದ್ದೆ. ಈಗ ನೀನು ನನ್ ಮೂಗ್ಗೇ ಉಯ್ತಾ ಇದ್ದೀಯಲ್ಲೇ!"

ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ಅಡುಗೆಮನೆಗೆ ಹೋಗಿ ಅತ್ತು, ಪುಸ್ತಕದಲ್ಲಿ "ಲವಲವಿಕೆಯಿಂದಿದ್ದಾರೆ" ಎಂದು ಬರೆದೆ.

ಮತ್ತೆ ಅವರು ನಗಲಿಲ್ಲ. ಮುಂದಿನ ವಾರವೂ ನಾನು ಅದನ್ನೇ ಬರೆದೆ, ಅದರ ಮುಂದಿನ ವಾರವೂ. ಗುಣವಿಲ್ಲ ಎಂದು ಬರೆದರೆ ಮದ್ದು ನಿಲ್ಲಿಸಿಬಿಟ್ಟಾರು ಎಂಬ ಭಯ. ಬರೆಯುತ್ತಾ ಬರೆಯುತ್ತಾ ನನಗೇ ಅದು ನಿಜವೆನಿಸುತ್ತಿತ್ತು.

ಒಂದು ಬೆಳಿಗ್ಗೆ ಬಾಟಲಿಯ ತುದಿಯನ್ನು ಮೂಗಿಗಿಟ್ಟಾಗ ಅವರು ನನ್ನನ್ನು ಗುರುತಿಸಲಿಲ್ಲ. "ಯಾರಮ್ಮಿ ನೀನು? ಒಂಟೋಗು!" ಎಂದು ಕೈ ಬೀಸಿದರು. ಬಾಟಲಿಯ ತುದಿ ಒಳಗೆ ಗೀರಿ ಮೂಗಿನಿಂದ ರಕ್ತ ಬಂತು. ಸೆರಗಿನಿಂದ ಒರೆಸಿದೆ. ರಕ್ತ ಬಂದರೆ ತಕ್ಷಣ ಫೋನ್ ಮಾಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಮಾಡಲಿಲ್ಲ. ಸಂಜೆ ಅವರು ಶಾಂತವಾದ ಮೇಲೆ ಮತ್ತೆ ಒತ್ತಿದೆ. ನೋವಿಗೆ ಕಣ್ಣಲ್ಲಿ ನೀರು ಬಂದರೂ ಸುಮ್ಮನೆ ಕುಳಿತಿದ್ದರು.

ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರಮ್ಮ ಮೂಗಿಗೆ ಟಾರ್ಚ್ ಬಿಟ್ಟು, "ಇದೆಷ್ಟು ದಿನದ ಗಾಯ?" ಎಂದರು. ಎಲ್ಲ ಹೇಳಿದೆ, ಪುಸ್ತಕದ ಸುಳ್ಳನ್ನೂ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ನೀವು ಬರೆದದ್ದನ್ನ ನಂಬಿ ನಾಳೆ ಇನ್ಯಾರಿಗೋ ಈ ಮದ್ದು ಕೊಡ್ತೀವಲ್ಲಮ್ಮ" ಎಂದಷ್ಟೇ ಹೇಳಿ, ಪುಸ್ತಕವನ್ನೂ ಉಳಿದ ಬಾಟಲಿಗಳನ್ನೂ ತೆಗೆದುಕೊಂಡರು. ಇವರನ್ನು ಪ್ರಯೋಗದಿಂದ ಬಿಟ್ಟರು. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯಾಚೆ ಮೇಯುವ ದನಗಳನ್ನು ನೋಡುತ್ತಿದ್ದರು.

ಪ್ರಯೋಗವೆಲ್ಲ ಮುಗಿದ ಮೇಲೆ ಡಾಕ್ಟರಮ್ಮನೇ ಫೋನ್ ಮಾಡಿದರು. ನಮಗೆ ಸಿಕ್ಕಿದ್ದು ಉಪ್ಪುನೀರಲ್ಲ, ನಿಜವಾದ ಮದ್ದೇ ಅಂತೆ. ಇಷ್ಟು ದಿನ, ಬರೀ ನೀರಾಗಿದ್ದಿರಬಹುದು, ಮದ್ದು ಸಿಕ್ಕಿದ್ದರೆ ಗುಣವಾಗುತ್ತಿತ್ತು ಎಂದು ಒಂದಿಷ್ಟು ಆಸೆ ಇಟ್ಟುಕೊಂಡಿದ್ದೆ. ಅದೂ ಹೋಯಿತು. "ಸರಿ ತಾಯಿ" ಎಂದು ಫೋನ್ ಇಟ್ಟೆ.

"ಯಾರದು ಪೋನು?" ಎಂದು ಒಳಗಿನಿಂದ ಕೇಳಿದರು.

"ಆಸ್ಪತ್ರೆಯೋರು."

"ಯಾರ್ಗೆ ಉಸಾರಿಲ್ಲ?"

ಒಳಗೆ ಹೋಗಿ, "ನಿಮ್ಗೇ ಕಣ್ರೀ" ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು.