ಸಣ್ಣ ದನಿಯಲ್ಲಿ ಹೇಳಿದ್ದು

ನನ್ನ ಯಜಮಾನರು ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕರಗಿಸುವ ಫರ್ನೇಸಿನ ಹತ್ತಿರ ಇಪ್ಪತ್ತು ವರ್ಷ ದುಡಿದವರು. ನಾನು ಅಂಗನವಾಡಿಯವಳು. ಅವರಿಗೆ ಯಂತ್ರದ ಸದ್ದು, ನನಗೆ ಮೂವತ್ತು ಮಕ್ಕಳ ಗದ್ದಲ. ಹಾಗಾಗಿ ನಮ್ಮ ಮನೆಯಲ್ಲಿ ಉಪ್ಪು ಕೇಳಿದರೂ ಓಣಿಗೆಲ್ಲ ಗೊತ್ತಾಗುತ್ತದೆ. ಹೋದ ಚಳಿಗಾಲದಲ್ಲಿ ಅವರಿಗೆ ಅಪರೂಪಕ್ಕೆ ಎರಡು ದಿನ ಒಟ್ಟಿಗೆ ರಜೆ ಸಿಕ್ಕಿತು. "ಎಲ್ಲೆಲ್ಲಿಂದಲೋ ಮಂದಿ ಬಂದು ಸಣಾಪುರ ಕೆರಿ ನೋಡಿ ಹೋಗ್ತಾರ, ನಾವ ನೋಡಿಲ್ಲ," ಎಂದು ಎಂಟನೆಯ ತರಗತಿಯ ಮಗಳು ಹಟ ಹಿಡಿದಳು. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಂಡು ಗಂಗಾವತಿ ದಾಟಿ ಹೋದೆವು.

ಕೆರೆಯ ದಂಡೆಯಲ್ಲೇ ಒಂದು ಗುಡಿಸಲು ಬಾಡಿಗೆಗೆ ಸಿಕ್ಕಿತು. ಸುತ್ತ ಬಂಡೆಗಲ್ಲು, ನಡುವೆ ನೀರು, ಆಚೆಗೆ ಭತ್ತದ ಗದ್ದೆ. ಒಲೆ ಹಚ್ಚಿ, "ಬರ್ರಿ, ಚಾ ಆಗೈತಿ!" ಎಂದು ಕೂಗಿದೆ. ಗುಡಿಸಲಿನ ಮಾಲೀಕ ಏದುಸಿರು ಬಿಡುತ್ತ ಓಡಿ ಬಂದ.

"ಏನಾತ್ರಿ ಅಕ್ಕಾರ? ಯಾರರ ನೀರಾಗ ಬಿದ್ರೇನ್ರಿ?"

ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿರಬೇಕು. "ಅವ್ವಾ, ಇಲ್ಲಿ ಎಲ್ಲಾರೂ ಸಣ್ಣಗ ಮಾತಾಡಬೇಕು," ಎಂದು ಕಟ್ಟಪ್ಪಣೆ ಮಾಡಿದಳು. ನನಗೂ ಆ ಮೌನ ಹಿಡಿಸಿತು. ಸಂಜೆಯವರೆಗೆ ಪಿಸುಗುಟ್ಟುತ್ತಲೇ ಕಾಲ ಕಳೆದೆ.

ಮಾರನೆಯ ಬೆಳಗ್ಗೆ ಮೂವರೂ ನೀರಿನ ಪಕ್ಕದ ಬಂಡೆಯ ಮೇಲೆ ಕುಳಿತಿದ್ದೆವು. ಹರಿಗೋಲುಗಳು ಇನ್ನೂ ದಂಡೆಯ ಮೇಲೆ ಬೋರಲು ಬಿದ್ದಿದ್ದವು. ಬೆನ್ನ ಹಿಂದಿನ ಜಾಲಿಗಿಡದಲ್ಲಿ ಹಿಡಿಗಾತ್ರದ ಹಕ್ಕಿಯೊಂದು ಬಿಡದೆ ಕೂಗುತ್ತಿತ್ತು. "ಅಪ್ಪಾ, ಹಕ್ಕಿ ಎಷ್ಟ ಛಂದ ಹಾಡಾಕತ್ತೈತಿ!" ಎಂದು ಮಗಳು ಪಿಸುಗುಟ್ಟಿ ಅವರ ತೋಳು ಅಲುಗಿಸಿದಳು. "ಹೌದೌದು, ಭಾಳ ಛಲೋ ಐತಿ," ಎಂದು ಅವರು ಎದುರಿನ ನೀರನ್ನು ತೋರಿಸಿದರು.

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಎದ್ದು ಅವರ ಹಿಂದೆ ನಿಂತು, "ಚಾ ಕುಡೀತೀರೇನ್ರಿ?" ಎಂದು ಮೆಲ್ಲಗೆ ಕೇಳಿದೆ. ಜನ್ಮದಲ್ಲಿ ಚಹಾ ಬೇಡ ಎಂದ ಮನುಷ್ಯನಲ್ಲ. ಕೆರೆ ನೋಡುತ್ತ ಕುಳಿತೇ ಇದ್ದರು. ಇನ್ನೊಮ್ಮೆ ಕೇಳಿದೆ. ತಿರುಗಿಯೂ ನೋಡಲಿಲ್ಲ.

ಎದುರಿಗೆ ಬಂದು ಕುಳಿತು, ಏನಾಗಿದೆ ಎಂದು ಕೇಳಿದೆ. ತಲೆ ತಗ್ಗಿಸಿದರು.

"ಎರಡ ವರ್ಷ ಆತು. ಜೋರು ಮಾತಾಡಿದ್ರ ಕೇಳಸ್ತೈತಿ, ಸಣ್ಣ ದನಿ ಕೇಳಂಗಿಲ್ಲ. ಹೇಳಿದ್ರ ನೀ ದವಾಖಾನಿಗೆ ಕರಕೊಂಡು ಹೋಗ್ತಿ. ಡಾಕ್ಟರು ಕೆಲಸ ಬಿಡು ಅಂದ್ರ?"

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತ ನಾ ದಿನಾ ಆಡೋ ಮಾತು?"

"ಬೈಗುಳ ಒಂದೂ ತಪ್ಪಿಲ್ಲ ಬಿಡು," ಎಂದು ನಕ್ಕರು. "ಮಲಗೋ ಮುಂದ ಸಣ್ಣಗ ಏನೋ ಹೇಳ್ತಿಯಲ್ಲ, ಅದೊಂದು ಕೇಳಂಗಿಲ್ಲ. ಏನೋ ಛಲೋದ ಇರಬೇಕಂತ ಹೂಂ ಅಂತೇನಿ."

ಮಗಳು ಮಲಗಿದ ಮೇಲೆ ನಾನು ಹೇಳುತ್ತಿದ್ದುದು ಒಂದೇ ಮಾತು. ಆ ಬೆಂಕಿಯ ಮುಂದಿನ ಕೆಲಸ ಸಾಕು, ಬೇರೆ ಏನಾದರೂ ನೋಡಿಕೊಳ್ಳಿ, ಹೇಗೋ ನಡೆಯುತ್ತದೆ. ಅವರು ಹೂಂ ಎನ್ನುತ್ತಿದ್ದರು. ಬೆಳಗಾದರೆ ಬುತ್ತಿ ಹಿಡಿದು ಅದೇ ಕೆಲಸಕ್ಕೆ ಹೊರಡುತ್ತಿದ್ದರು. ಕೊಟ್ಟ ಮಾತಿಗೆ ತಪ್ಪುತ್ತಾರೆ ಎಂಬ ಸಿಟ್ಟಿಗೇ ನಾನು ಕಂಡಕಂಡದ್ದಕ್ಕೆಲ್ಲ ಹರಿಹಾಯುತ್ತಿದ್ದೆ. ಪಾಪದ ಮನುಷ್ಯನಿಗೆ ಯಾತಕ್ಕೆ ಬೈಸಿಕೊಳ್ಳುತ್ತಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ನನಗೆ ಅಳು ಬಂತು.

"ಏನ್ ಹೇಳ್ತಿದ್ದಿ? ಈಗರ ಹೇಳು."

ಮಗಳ ಎದುರಿಗೆ, ಆಚೆ ದಂಡೆಗೂ ಕೇಳುವ ಹಾಗೆ ಹೇಳಿದೆ: "ಆ ಕೆಲಸ ಬಿಡ್ರಿ. ನನಗ ನೀವು ಬೇಕ್ರಿ!"

ಅವರು ನನ್ನ ಹತ್ತಿರಕ್ಕೆ ಸರಿದರು.

"ಇಷ್ಟ ದಿನ ನಾ ಹೂಂ ಅಂದಿದ್ದು ಇದಕ್ಕೇನು?"

"ದಿನಾ ಅಂದೀರಿ."

"ಹಂಗಾರ ಬಿಡಬೇಕಾತಲ್ಲ," ಎಂದರು.